‘ಪೀ ಮಾಕ್’ ಸಿನಿಮಾದ ಕೊನಿ: ಅಂವಗ ಮೊದ್ಲಽ ಗೊತ್ತಿತ್ತೇನು?

ಲಿಂಬಿ_ತೋಟದಂವ

ನಮಸ್ಕಾರ್ರೀ ಎಲ್ಲಾರಿಗೂ. ನಂದು ಇಂಡಿ ತಾಲೂಕು, ಲಿಂಬಿ ತೋಟ ಮಾಡ್ಕೊಂಡು ಅದೀನಿ. ಸಿನಿಮಾದ ಮ್ಯಾಲ ಬರಿಯೋ ಮನಶ್ಯಾ ಅಲ್ಲ. ಆದ್ರ ಮೂರು ದಿನದಿಂದ ಒಂದು ಪ್ರಶ್ನಿ ತಲ್ಯಾಗ ಹೊಕ್ಕು ಕುಂತದ. ನೀರು ಬಿಡಾಕ ಹೋದ್ರೂ ಅದಽ, ಚೀಲ ಹೊಲಿಯಾಕ ಕುಂತ್ರೂ ಅದಽ. ಕೇಳಬೇಕಂದ್ರ ಸಿನಿಮಾದ ಕೊನಿ ಬಿಚ್ಚಿ ಹೇಳಬೇಕಾಗ್ತದ, ಹಿಂಗಾಗಿ ನೋಡದವ್ರು ಇಲ್ಲೇ ನಿಂದರ್ರಿ.

ಅಕ್ಕನ ಮಗ ಸೂಟಿಗೆ ಬಂದಿದ್ದ. ಟೀವಿಗೆ ಫೋನ್ ಹಚ್ಚಿ ಥಾಯ್ಲೆಂಡಿಂದು ಒಂದು ಸಿನಿಮಾ ಹಾಕಿದ. ‘ಪೀ ಮಾಕ್’, 2013ರದು. ದೆವ್ವದ ಕಥಿನೂ ಹೌದು, ನಗಿಸೋ ಕಥಿನೂ ಹೌದು. ನಮ್ಮಪ್ಪಗ 72 ವರ್ಷ, ಕೆಳಗ ಬರೋ ಇಂಗ್ಲಿಷ್ ಓದಾಕ ಬರಂಗಿಲ್ಲ. ನಾ ಬಾಜೂಕ ಕುಂತು ಕನ್ನಡದಾಗ ಹೇಳ್ಕೋತ ಹೋದೆ. ಅರ್ಧಾ ಬಿಟ್ಟೆ, ಅರ್ಧಾ ನಂದಽ ಸೇರಿಸಿದೆ, ಅದು ಬ್ಯಾರೆ ಮಾತು.

ಮಾಕ್ ಅಂಬಾಂವ ಬಸುರ ಹೆಂಡ್ತಿನ್ನ ಬಿಟ್ಟು ಲಡಾಯಿಗೆ ಹೋಗಿರ್ತಾನ. ಹೆಂಡ್ತಿ ಹೆಸರು ನಾಕ್. (ಇಲ್ಲೇ ಅಪ್ಪ ಒಂದ್ಸಲ ತಡದ: ‘ನಾಕು ಅಂತೀ, ಒಬ್ಬಾಕೇ ಕಾಣ್ತಾಳಲ್ಲೋ?’) ಲಡಾಯಿಯೊಳಗ ಅಂವಗ ನಾಕು ಮಂದಿ ದೋಸ್ತ್ರು ಸಿಗ್ತಾರ, ಒಬ್ಬರಕಿಂತ ಒಬ್ಬರು ಹುಚ್ಚರು. ಎಲಿ ಅಡಿಕಿ ಹಾಕಿ ಹಲ್ಲು ಕರ್ರಗ, ತಲಿಗೂದಲ ಅಂತೂ ಕೇಳಬ್ಯಾಡ್ರಿ. ಐದೂ ಮಂದಿ ಕೂಡಿ ಮಾಕ್‌ನ ಊರಿಗೆ ಬರ್ತಾರ. ಕಾಲುವಿ ದಂಡಿಗೆ ಮನಿ, ಹೆಂಡ್ತಿ ಕೂಸು ಎತ್ಕೊಂಡು ಇರ್ತಾಳ. ಆದ್ರ ಊರ ಮಂದಿ ಮಾಕ್‌ನ ಕಂಡ್ರ ದೂರ ಸರೀತಾರ. ಯಾಕಂದ್ರ ನಾಕ್ ಹಡಿಯೋವಾಗ ಸತ್ತು ಹೋಗ್ಯಾಳ, ಮನ್ಯಾಗಿರೋದು ಅಕಿ ದೆವ್ವ.

ದೋಸ್ತ್ರಿಗೆ ಇದು ತಿಳೀತದ, ಮಾಕ್‌ಗ ಹೇಳೋದು ಹೆಂಗ? ಬಾಯಿ ಬಿಟ್ಟು ಹೇಳಾಕ ಧೈರ್ಯ ಇಲ್ಲ. ಕೈಸನ್ನಿ ಮಾಡಿ ಶಬ್ದ ಹೇಳಿಸೋ ಆಟ ಆಡ್ತಾರ, ಅದ್ರಾಗ ‘ದೆವ್ವ’ ಅಂತ ತಿಳಿಸಾಕ ನೋಡ್ತಾರ. ನಕ್ಕೂ ನಕ್ಕೂ ಹೊಟ್ಟಿ ನೋಯ್ತು. ಆಮ್ಯಾಗ ದೆವ್ವ ಮಾಕಽ ಇರಬೇಕು ಅಂತ ಅಂಜತಾರ, ಆಮ್ಯಾಗ ತಮ್ಮೊಳಗಽ ಒಬ್ಬಾಂವ ಅಂತ ಅಂಜತಾರ. ದೋಣ್ಯಾಗ ಕುಂತು ಓಡಿ ಹೋಗುವಾಗ ನಾಕ್ ಕೈ ಉದ್ದ ಮಾಡಿ ಹುಟ್ಟು ಹಿಡ್ಕೊಂಡಾಗ ಖರೇ ಯಾರು ಅಂತ ಗೊತ್ತಾಗ್ತದ. ಕೊನೀಗೆ ಗುಡಿಯೊಳಗ ಹೊಕ್ಕಾರ, ಅಲ್ಲಿದ್ದ ಸ್ವಾಮಿಯಿಂದನೂ ಏನೂ ಆಗಲಿಲ್ಲ.

ಅಲ್ಲಿ ಮಾಕ್ ಹೇಳ್ತಾನ, ನಂಗ ಗೊತ್ತಿತ್ತು ಅಂತ. ಬಗ್ಗಿ ತನ್ನ ಕಾಲ ಸಂದ್ಯಾಗಿಂದ ಅಕಿನ್ನ ನೋಡಿದ್ದನಂತ. ಹಂಗ ನೋಡಿದ್ರ ದೆವ್ವ ಖರೇ ರೂಪದಾಗ ಕಾಣ್ತದ ಅನ್ನೋದು ಅಲ್ಲಿಯವ್ರ ನಂಬಿಕಿ. ನೋಡಿ, ಅತ್ತು, ಕಣ್ಣು ಒರಸ್ಕೊಂಡು, ಏನೂ ಗೊತ್ತಿಲ್ಲದವ್ರಂಗ ಇದ್ದುಬಿಟ್ಟ. ದೆವ್ವಕ್ಕಿಂತ ಅಕಿ ಇಲ್ಲದ ಮನಿ ಅಂದ್ರ ಅಂವಗ ಹೆಚ್ಚಿನ ಅಂಜಿಕಿ. ಮುಂದ ಎಲ್ಲಾರೂ ಕೂಡಿ ಇರ್ತಾರ. ದೆವ್ವ, ಗಂಡ, ಕೂಸು, ನಾಕೂ ದೋಸ್ತ್ರು.

ಈಗ ನನ್ನ ಪ್ರಶ್ನಿ. ಮಾಕ್ ಬಾಯಿ ಬಿಡೂಕಿಂತ ಎಷ್ಟೋ ಮೊದ್ಲಽ, ಇನ್ನೂ ಅರ್ಧಾ ಸಿನಿಮಾ ಇತ್ತು, ನಮ್ಮಪ್ಪ ಬೀಡಿ ಆರಿಸ್ಕೋತ ಅಂದ: ‘ಅಂವಗ ಗೊತ್ತದ ಬಿಡು.’ ನಾ ಅಂದೆ, ಇಲ್ಲಪಾ, ಅಂವಗ ಗೊತ್ತಿಲ್ಲ, ಅದಕಽ ನಗಿ ಬರೋದು. ಅಪ್ಪ ಅಂದ: ‘ಲಡಾಯಿ ಗೆದ್ದು ಬಂದಾಂವಗ ಊರಾಗ ಒಬ್ಬರೂ ಮಾತಾಡಸವಲ್ರು. ಒಮ್ಮೆರೆ ಯಾಕಂತ ಕೇಳಿದ್ನೇನು? ಕೇಳದಾಂವ ಅಂದ್ರ ಗೊತ್ತಿದ್ದಾಂವ.’

ನನಗ ಅನಿಸೋದು ಬ್ಯಾರೆ. ನಡಕ ಯಾವಾಗೋ ತಿಳದದ, ಅಲ್ಲೀತನಕ ಖರೇನಽ ಪಾಪದಾಂವ. ನೀವು ಹೇಳ್ರಿ. ಇಷ್ಟಕ್ಕೂ ಇದು ಛಲೋ ಕೊನಿಯೋ ಕೆಟ್ಟ ಕೊನಿಯೋ? ಅಕ್ಕನ ಮಗ ಚಪ್ಪಾಳಿ ತಟ್ಟಿದ. ಅಪ್ಪ ಎದ್ದು ಹೊರಗ ಹೋದ.


ಗುಮ್ಮಟದ_ಪಾರಿವಾಳ

ಕಾಕಾ, ವಿಜಯಪುರದಿಂದ ಬರೀತಿದೀನಿ. ನಾವು ಹಾಸ್ಟೆಲ್‌ನಲ್ಲಿ ಈ ಸಿನಿಮಾ ಮೂರು ಸಲ ನೋಡಿದೀವಿ, ನಿಮ್ಮ ಪ್ರಶ್ನೆಗೆ ಪ್ರತಿ ಸಲನೂ ಜಗಳ ಆಗೇದ.

ಸಿನಿಮಾ ತೋರಿಸೋ ಲೆಕ್ಕದಲ್ಲಿ ನೀವೇ ಗೆದ್ರಿ. ದೋಸ್ತರು ಸಂಶಯ ಹುಟ್ಟಿಸಿದ ಮೇಲೆ ಅವನು ಬಗ್ಗಿ ನೋಡಿದ್ದು. ಅಂದ್ರೆ ಮೊದಲ ದಿನದಿಂದ ಗೊತ್ತಿರಲಿಲ್ಲ. ಆದ್ರೆ ಅಜ್ಜ ಹೇಳಿದ ಮಾತು ಕೇಳಿದ ಮೇಲೆ ನನಗೂ ಕೈ ಕಾಲು ಆಡವಲ್ದು. ಸಂಶಯ ಒಂಚೂರೂ ಇಲ್ಲದಾಂವ ಕಾಲ ಸಂದಿಯಿಂದ ಯಾಕೆ ನೋಡ್ತಾನ? ನೋಡಬೇಕು ಅನ್ನಿಸಿದಾಗಲೇ ಅರ್ಧ ಗೊತ್ತಾದಂಗ.

ಇನ್ನೊಂದು ಮಾತು ಹೆಸರಿನದು. ಈ ಕಥೆ ಥಾಯ್ಲೆಂಡಿನಲ್ಲಿ ನಮ್ಮ ಪುಣ್ಯಕೋಟಿ ಇದ್ದಂಗ, ಕೂಸಿಗೂ ಗೊತ್ತು. ಎಷ್ಟೋ ಸಲ ಸಿನಿಮಾ ಆಗೇದ. ಅಲ್ಲಿ ಎಲ್ಲರೂ ಕರಿಯೋದು ‘ಮೇ ನಾಕ್’ ಅಂತ, ‘ಮೇ’ ಅಂದ್ರೆ ತಾಯಿ. 1999ರಲ್ಲಿ ನೊನ್ಸಿ ನಿಮಿಬುತ್ರ್ ಮಾಡಿದ್ದರ ಹೆಸರು ‘ನಾಂಗ್ ನಾಕ್’. ಅಂದ್ರೆ ಯಾವಾಗಲೂ ಹೆಂಡತಿ ಹೆಸರು. 2013ರಲ್ಲಿ ಬಂಜೋಂಗ್ ಪಿಸಂಥನಕುನ್ ಅದನ್ನ ತಿರುಗಿಸಿ ಗಂಡನ ಹೆಸರಿಟ್ಟ. ‘ಪೀ’ ಅಂದ್ರೆ ಅಣ್ಣ, ಅಲ್ಲಿ ಹೆಂಗಸರು ಗಂಡನ್ನ ಹಂಗೇ ಕರೀತಾರ. ಅಂದ್ರೆ ‘ಪೀ ಮಾಕ್’ ಅನ್ನೋದು ನಾಕ್ ಕೂಗೋ ಕೂಗು. ತಮಾಷೆ ಏನಂದ್ರೆ ದೆವ್ವಕ್ಕೂ ಅವರ ಭಾಷೆಯಲ್ಲಿ ‘ಪೀ’ ಅಂತಾರ, ದನಿ ಏರಿಸಿ ಅಂದ್ರೆ ದೆವ್ವ, ಇಳಿಸಿ ಅಂದ್ರೆ ಅಣ್ಣ. ನಮ್ಮ ಕಿವಿಗೆ ಎರಡೂ ಒಂದೇ.

ಹಳೇ ಕಥೆಗಳಲ್ಲಿ ಕೇಳೋ ಪ್ರಶ್ನೆ ‘ಅವಳನ್ನ ಹೆಂಗ ಕಳಿಸೋದು’. ಇಲ್ಲಿ ಕೇಳಿದ್ದು ‘ಅವನಿಗೆ ಏನು ಬೇಕು’. ಅಷ್ಟು ವರ್ಷ ಒಬ್ಬರೂ ಮಾಕ್‌ನ ಕೇಳಿರಲಿಲ್ಲ ಅನ್ನಿಸ್ತದ ನನಗ.

ಇದೇ ನಿರ್ದೇಶಕ ಪಾರ್ಕ್‌ಪೂಮ್ ವೊಂಗ್‌ಪೂಮ್ ಜೊತೆ ಸೇರಿ 2004ರಲ್ಲಿ ‘ಶಟರ್’ ಮಾಡಿದಾಂವ. ಅದನ್ನ ಮಾತ್ರ ರಾತ್ರಿ ನೋಡಬ್ಯಾಡ್ರಿ ಕಾಕಾ. ಅದರ ಕೊನಿಯಲ್ಲೂ ಸತ್ತ ಹುಡುಗಿ ತಾನು ಪ್ರೀತಿ ಮಾಡಿದವನನ್ನ ಬಿಟ್ಟು ಹೋಗಿರೋದಿಲ್ಲ, ಆದ್ರೆ ನೋಡಿದ್ರೆ ಮೈ ಜುಮ್ ಅಂತದ. ಅಲ್ಲಿ ಅಂಜಿಸಿದ್ದನ್ನೇ ಇಲ್ಲಿ ನಗಿಸೋಕೆ ಇಟ್ಟಾನ.


ಮುಧೋಳ_ಮಾವ

ಏನ್ರಪಾ ನೀವು, ನಗಿ ಸಿನಿಮಾಕ್ಕ ಇಷ್ಟು ವೇದಾಂತ. ನಾನೂ ನೋಡೀನಿ. ಕೊನಿಗೆ ಹೆಂಡ್ತಿನ್ನ ಕಳಿಸಿಬಿಟ್ರ ಮಂದಿ ಅಳಕೋತ ಹೊರಗ ಬರ್ತಾರ, ನಗಿಸಿ ಕಳಿಸಿದ್ರ ನಾಕು ಮಂದಿಗೆ ಹೇಳ್ತಾರ. ಅಲ್ಲಿ ಗಳಿಕಿಯ ದಾಖಲೆ ಮುರದೈತಿ ಆ ಸಿನಿಮಾ. ಲೆಕ್ಕ ಅಷ್ಟಽ ಐತಿ.

ಮತ್ತ ನನ್ನ ತಕರಾರು ಬ್ಯಾರೆ. ಮಾಕ್ ಮುದುಕ ಆಗ್ತಾನಿಲ್ಲೋ? ಅಕಿ ಹಂಗಽ 20ರ ಹುಡುಗಿ, ಕೂಸು ಹಂಗಽ ತೊಟ್ಟಿಲ್ದಾಗ. ಇಂವ ಕೋಲು ಊರ್ಕೋತ, ಅಕಿ ಕೈ ಉದ್ದ ಮಾಡಿ ಗುಳಿಗಿ ಕೊಡ್ತಾಳೇನು? ಅದನ್ನ ತೋರಿಸ್ಲಿಲ್ಲ. ತೋರಿಸಿದ್ರ ನಗಿ ನಿಂತು ಹೋಗ್ತಿತ್ತು.

ನಮ್ಮ ಕಡೆ ಹೊಸ್ತಲ ಮ್ಯಾಲ ‘ನಾಳೆ ಬಾ’ ಅಂತ ಬರದ್ರ ದೆವ್ವ ಓದಿ ಹೊಳ್ಳಿ ಹೋಗ್ತಿತ್ತಂತ. ಈ ಮಾಕ್ ‘ಇವತ್ತಽ ಬಾ, ಉಂಡು ಹೋಗು’ ಅಂತ ಬರದಾನ. ಮೂರ್ಖ ಅನ್ನದ ಏನನ್ಲಿ?


ಬ್ಯಾಗ್_ಹೆಗಲಿಗೆ

ನಾನು ಬೆಳಗಾವಿಯವನು. ಮೂರ್ನಾಲ್ಕು ವರ್ಷದ ಕೆಳಗೆ ಗೆಳೆಯರ ಸಂಗಡ ಬ್ಯಾಂಕಾಕ್‌ಗೆ ಹೋಗಿದ್ದೆ. ಉಳಿದವರು ಮಾರ್ಕೆಟ್ಟಿಗೆ ಹೋದರು, ನಾನು ಒಬ್ಬನೇ ಈ ನಾಕ್‌ನ ಗುಡಿ ಹುಡುಕಿಕೊಂಡು ಹೋದೆ. ಖರೇನೇ ಗುಡಿ ಇದೆ. ಆನ್ ನುಟ್ ಅನ್ನೋ ಕಡೆ, ವಾಟ್ ಮಹಾಬುತ್ ಅಂತ ಬೌದ್ಧ ಗುಡಿ, ಅದರ ಆವರಣದೊಳಗೆ ಕಾಲುವೆ ಹತ್ತಿರ ಅವಳದೊಂದು ಸಣ್ಣ ಗುಡಿ. ಕೂಸನ್ನು ಹಿಡಿದುಕೊಂಡ ಮೂರ್ತಿ, ಮೈತುಂಬ ಭಕ್ತರು ಹಚ್ಚಿದ ಚಿನ್ನದ ರೇಕು. ಬಾಜೂಕ ಸಾಲಾಗಿ ರೇಷ್ಮೆಯ ಉಡುಪು ತೂಗುಹಾಕಿದ್ದರು, ಕೂಸಿಗೆ ಆಟಿಗೆ ಸಾಮಾನು. ಎದುರಿಗೆ ಒಂದು ಟೀವಿ ಚಾಲೂ ಇತ್ತು. ಯಾರು ನೋಡೋಕೆ ಅಂದರೆ, ಅವಳೇ ನೋಡೋಕೆ! ಮಂದಿ ಬಂದು ಲಾಟರಿ ನಂಬರ್ ಕೇಳ್ತಾರೆ. ಹತ್ತಿರದಲ್ಲೇ ಬುಟ್ಟಿಯಲ್ಲಿ ಮೀನು ಮಾರ್ತಾರೆ, ಕೊಂಡು ಕಾಲುವೆಗೆ ಬಿಡೋಕೆ.

ಮುಧೋಳದ ಮಾವಾರೆ, ಮಾಕ್ ಒಬ್ಬನೇ ಮೂರ್ಖ ಅಲ್ಲ ಅಂತ ಹೇಳೋಕೆ ಇಷ್ಟು ಬರೆದೆ. ದೆವ್ವ ಅಂತ ಓಡಿಸಿದ ಊರೇ ಅವಳಿಗೆ ಸೀರೆ ಉಡಿಸಿ ಟೀವಿ ಹಚ್ಚಿಕೊಟ್ಟಿದೆ.

ಹಳೇ ಕಥೆ ಹೀಗಿಲ್ಲ. ಅಲ್ಲಿ ಗಂಡನಿಗೆ ಗೊತ್ತಾದ ಕೂಡಲೇ ಓಡಿ ಹೋಗ್ತಾನೆ. ಕೊನೆಗೆ ಸೋಮ್ದೆತ್ ತೋ ಅನ್ನುವ ಹೆಸರಾಂತ ಭಿಕ್ಷು ಬಂದು ಅವಳನ್ನು ಶಾಂತ ಮಾಡ್ತಾರೆ, ಹಣೆಯ ಎಲುಬಿನ ತುಣುಕು ತೆಗೆದು ತಮ್ಮ ನಡುಪಟ್ಟಿಗೆ ಹಾಕಿಕೊಳ್ತಾರೆ ಅಂತ ಕಥೆ. ಆ ಭಿಕ್ಷು ನಿಜವಾಗಿ ಇದ್ದವರು, 1788ರಲ್ಲಿ ಹುಟ್ಟಿ 1872ರಲ್ಲಿ ತೀರಿಕೊಂಡವರು. 1999ರ ಸಿನಿಮಾ ಹೀಗೇ ಮುಗಿಯುತ್ತೆ: ಅವಳು ಹೋಗಲೇಬೇಕು, ಸತ್ತವರು ಇದ್ದವರ ಸಂಗಡ ಇರಬಾರದು. ಬುದ್ಧ ಹೇಳಿದ್ದೂ ಅದೇ ತಾನೇ, ಯಾವುದನ್ನೂ ಹಿಡ್ಕೊಂಡು ಕೂಡಬ್ಯಾಡ ಅಂತ. ‘ಪೀ ಮಾಕ್’ನಲ್ಲಿ ಆ ಸ್ವಾಮಿ ನಗೆಪಾಟಲಾಗಿದ್ದು ಸುಮ್ಮನೆ ಅಲ್ಲ ಅಂತ ನನಗನ್ನಿಸುತ್ತೆ. ಕಳಿಸೋನೇ ಸೋತ ಮೇಲೆ ಗಂಡನಿಗೆ ಮಾತಾಡೋಕೆ ಜಾಗ ಸಿಕ್ಕಿತು.

ಲಿಂಬೆ ತೋಟದವರಿಗೆ ಅಂತಲೇ ಒಂದು ವಿಷಯ ಉಳಿಸಿಟ್ಟೀನಿ. ಹಳೇ ಕಥೆಯೊಳಗೆ ಅವಳು ದೆವ್ವ ಅಂತ ಗಂಡನಿಗೆ ತಿಳಿದದ್ದು ಹೆಂಗ ಗೊತ್ತೇನು? ಅಟ್ಟದ ಮನೆ, ಹಲಗೆಯ ನೆಲ. ಕಲ್ಲಿನೊಳಗೆ ಮೆಣಸಿನಕಾಯಿ ಚಟ್ನಿ ಕುಟ್ಟುವಾಗ ಲಿಂಬೆಹಣ್ಣು ಕೈ ಜಾರಿ ಸಂದಿಯಿಂದ ಕೆಳಗೆ ಬೀಳುತ್ತೆ. ಇಳಿದು ಹೋಗಿ ಯಾರು ತರ್ತಾರೆ ಅಂತ ಅವಳು ಅಲ್ಲಿಂದಲೇ ಕೈ ಉದ್ದ ಮಾಡಿ ನೆಲದಿಂದ ಎತ್ತಿಕೊಳ್ತಾಳೆ. ಅದನ್ನು ಗಂಡ ನೋಡಿಬಿಡ್ತಾನೆ. ಅಲ್ಲಿಯ ಮಂದಿಗೆ ಉದ್ದ ಕೈ ಅಂದರೆ ನೆನಪಾಗೋದೇ ಈ ಲಿಂಬೆ. ಸಿನಿಮಾದೊಳಗೆ ಅವಳು ದೋಣಿಯ ಹುಟ್ಟು ಹಿಡಿಯೋ ದೃಶ್ಯಕ್ಕೆ ಅಲ್ಲಿ ಜನ ನಗೋದು ಅದಕ್ಕೇ.

ಅಂದಹಾಗೆ ‘ತಾಯ್’ ಅಂದರೆ ಅವರ ಭಾಷೆಯಲ್ಲಿ ಸಾಯೋದು. ಗುಡಿ ಮುಂದೆ ಒಬ್ಬ ಅಜ್ಜಿ ಏನೋ ಹೇಳುತ್ತಾ ತಾಯ್ ತಾಯ್ ಅಂದಾಗ ನಾನು ಕೈ ಮುಗಿದಿದ್ದೆ.


ಲಿಂಬಿ_ತೋಟದಂವ

ಬೆಳಗಾವಿ ಅಣ್ಣಾ, ನೀವು ಹೇಳಿದ್ದು ಕೇಳಿ ಕುಂತಲ್ಲೇ ಎದ್ದು ನಿಂತೆ! ನಮ್ಮ ಇಂಡಿ ಲಿಂಬಿಗೆ ಜಿಐ ಟ್ಯಾಗ್ ಸಿಕ್ಕದ, ಎಲ್ಲೆಲ್ಲಿಗೋ ಹೋಗ್ತದ, ಅದ್ರಾಗ ಎಷ್ಟೋ ಲಿಂಬಿ ದೆವ್ವ ಬಿಡಸಾಕಽ ಹೋಗ್ತಾವ. ಅಂಗಡಿ ಬಾಗಲಿಗೆ ಮೆಣಸಿನಕಾಯಿ ಜೋಡಿ ಕಟ್ತಾರ, ಹೊಸ ಗಾಡಿ ಗಾಲಿ ಬುಡಕ ಇಟ್ಟು ಒಡೀತಾರ, ಅಮಾಸಿ ದಿನ ನಿವಾಳಸಿ ಒಗೀತಾರ. ಅಮಾಸಿ ಮುಂದ ದರಾನೂ ಒಂಚೂರು ಏರ್ತದ. ನಾ ಹುಟ್ಟಿದಾಗಿಂದ ಲಿಂಬಿ ಕಂಡ್ರ ದೆವ್ವ ಓಡ್ತದ ಅಂತ ತಿಳಕೊಂಡೀನಿ. ಅಲ್ಲಿ ದೆವ್ವಾನಽ ಲಿಂಬಿ ಎತ್ಕೊಂಡು ಚಟ್ನಿ ಕುಟ್ಟತದ! ಅಪ್ಪಗ ಹೇಳಿದೆ. ‘ಒಂದು ಲಿಂಬಿಕಾಯಿ ಬಿತ್ತಂತ ಬಿಡದಾಕಿ, ಛಲೋ ಹೆಣ್ಮಗಳು’ ಅಂದ. ನಮ್ಮಲ್ಲಿ ಉದರಿದ ಕಾಯಿ ಆರಸೋದ್ರಾಗ ಅವ್ವನ ಕೈ ಹಂಗಽ ಇತ್ತು, ಮುಳ್ಳಿನ ಬುಡಕಿಂದೂ ಬಿಡ್ತಿದ್ದಿಲ್ಲ.

ಕಾಲ ಸಂದ್ಯಾಗಿಂದ ನೋಡೋದೂ ನಮ್ಮಲ್ಲಿ ಉಲ್ಟಾ. ಸಣ್ಣ ಕೂಸು ಹಂಗ ಬಗ್ಗಿ ನೋಡಿದ್ರ ಮನಿಗೆ ಬೀಗರು ಬರ್ತಾರ ಅಂತಿದ್ಲು ಅವ್ವ.


ಸಿಂದಗಿ_ಅಕ್ಕ

ಎಲ್ಲಾರೂ ಗಂಡನ ಬಗ್ಗೆ ಮಾತಾಡ್ಲಿಕತ್ತೀರಿ, ಗಂಡಸರಲ್ಲೇನು. ನಾ ಆಶಾ ಕಾರ್ಯಕರ್ತೆ, ಸಿಂದಗಿ ಕಡೆಯಾಕಿ. ನನ್ನ ಕಣ್ಣಿಗೆ ಬಿದ್ದದ್ದು ಸಿನಿಮಾದ ಕೊನಿ ಅಲ್ಲ, ಮೊದಲು. ತುಂಬಿದ ಬಸುರಿ, ಒಬ್ಬಾಕಿ, ಬ್ಯಾನಿ ತಗೊಂಡು ಒದರ್ತಾಳ. ಯಾರೂ ಬರಂಗಿಲ್ಲ. ಅದನ್ನ ನೋಡಿ ನಾ ಅರ್ಧಾ ತಾಸು ನಗಲೇ ಇಲ್ಲ, ಮಕ್ಕಳು ಯಾಕಮ್ಮಾ ಅಂತ ಕೇಳಿದ್ವು.

ಬಾಣಂತಿ ಸತ್ರ ದೆವ್ವ ಆಗ್ತಾಳ ಅಂತ ನಮ್ಮ ಕಡೀನೂ ಹೇಳ್ತಾರ. ತಲಿದಿಂಬಿನ ಬುಡಕ ಕುಡಗೋಲು ಇಡ್ತಾರ, ಬಾಗಲಿಗೆ ಬೇವಿನ ತೊಪ್ಪಲ ಸಿಗಸ್ತಾರ. ನಾ ತೆಗೀರಿ ಅನ್ನಂಗಿಲ್ಲ. ಕುಡಗೋಲು ಇರ್ಲಿ, ರಕ್ತದ ಗುಳಿಗಿನೂ ಇರ್ಲಿ, 108ರ ನಂಬರೂ ಇರ್ಲಿ ಅಂತೀನಿ. ಯಾಕಂದ್ರ ಹಿಂಗ ದೆವ್ವ ಆದವ್ರೆಲ್ಲ ಯಾರು ಅಂತ ಒಮ್ಮೆ ಎಣಸ್ರಿ. ಹೊಳಿ ದಾಟಿಸೋರು ಇಲ್ಲದವ್ರು, ಗಾಡಿ ಸಿಗದವ್ರು, ಗಂಡ ದುಡಿಯಾಕ ದೂರ ಹೋದವ್ರು. ಕಬ್ಬು ಕಡಿಯಾಕ ಹೋದ ಗಂಡಸರ ಹೆಂಡಂದಿರು ನಮ್ಮ ಲಿಸ್ಟಿನ್ಯಾಗ ಎಷ್ಟು ಮಂದಿ ಅದಾರ, ಕೇಳ್ರಿ ಬೇಕಂದ್ರ. ಮಾಕ್ ಲಡಾಯಿಗೆ ಹೋದ, ಇವ್ರು ಕಬ್ಬಿಗೆ ಹೋಗ್ತಾರ.

ಹಿಂಗಾಗಿ ಊರ ಮಂದಿ ನಾಕ್‌ಗ ಯಾಕ ಅಂಜತಾರ ಅನ್ನೋದು ನಂಗ ಬ್ಯಾರೆ ಅನಸ್ತದ. ಅಕಿ ಒದರಿದ್ದು ಕೇಳ್ಯಾದ ಅವ್ರಿಗೆ. ಹೋಗ್ಲಿಲ್ಲ. ಹೋಗಿದ್ರ ಅಂಜಬೇಕಾಗಿದ್ದಿಲ್ಲ. ಸಿನಿಮಾ ಇಷ್ಟು ಬಿಚ್ಚಿ ಹೇಳಂಗಿಲ್ಲ, ಇದು ನನ್ನ ಮಾತು.

ಮುಧೋಳದ ಅಣ್ಣಾರು ಮಾಕ್‌ನ ಮೂರ್ಖ ಅಂದ್ರು. ನಾ ಅನ್ನಂಗಿಲ್ಲ. ಅಕಿ ಒಬ್ಬಾಕೇ ಸತ್ಲು ಅನ್ನೋದು ತಿಳದ ಮ್ಯಾಲ, ಈಗರೆ ಒಬ್ಬಾಕಿನ್ನ ಬಿಡಬಾರ್ದು ಅಂತ ಉಳದ. ತಡಾ ಆತು, ಖರೆ. ಆದ್ರೂ ಬಂದ.

ಮತ್ತ ಅಕಿ ಕೇಳಿದ್ದಾದ್ರೂ ಏನು? ಸೇಡು ಕೇಳ್ಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಗಂಡಗ ಅನ್ನ ಮಾಡಿ ಬಡಸ್ತಿದ್ಲು. ಸತ್ತ ಮ್ಯಾಲೂ ಅಡಿಗಿ ತಪ್ಪಲಿಲ್ಲ ನೋಡ್ರಿ ನಮಗ.


ಮುಧೋಳ_ಮಾವ

ಅಕ್ಕಾರ, ನಿಮ್ಮ ಕೊನೀ ಸಾಲಿಗೆ ನನ್ನ ಹೆಂಡ್ತಿ ಒಲಿ ಮುಂದಿಂದಽ ‘ಹೌದ್ರೆವ್ವಾ’ ಅಂದ್ಲು. ಮೂರ್ಖ ಅನ್ನೋದು ಹೊಳ್ಳಿ ತಗೊಂಡೆ. ಮುದುಕ ಆದ ಮ್ಯಾಲ ಏನು ಅನ್ನೋ ಪ್ರಶ್ನಿ ಮಾತ್ರ ಬಿಡಂಗಿಲ್ಲ.


ಗುಮ್ಮಟದ_ಪಾರಿವಾಳ

ಕಾಕಾ, ಅಜ್ಜ ಎದ್ದು ಹೊರಗ ಹೋದ್ರು ಅಂದ್ರಲ್ಲ, ಆಮೇಲೆ ಏನಾದ್ರೂ ಅಂದ್ರೇನು? ಅವರು ಆ ಸಿನಿಮಾನ ನಮ್ಮಕಿಂತ ಛಲೋ ನೋಡ್ಯಾರ ಅನ್ನಿಸ್ತದ.


ಲಿಂಬಿ_ತೋಟದಂವ

ತಮ್ಮಾ, ಅಂವ ಏನೂ ಅನ್ಲಿಲ್ಲ. ಆದ್ರ ನಿನ್ನಿ ಒಂದು ಆತು, ಬರೀಬೇಕೋ ಬ್ಯಾಡೋ ಅಂತ ಮುಂಜಾನಿಂದ ವಿಚಾರ ಮಾಡ್ಲಿಕತ್ತೀನಿ.

ಬೋರಿನ ಮೋಟರ್ ಚಾಲೂ ಆಗಲಿಲ್ಲ. ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡಾಕ ಹೋದೆ. ಒಳಗ, ಫ್ಯೂಸಿನ ಬಾಜೂಕ, ಅಪ್ಪನ ತಂಬಾಕಿನ ಚೀಲ ಮತ್ತ ಸುಣ್ಣದ ಡಬ್ಬಿ. ಅವ್ವ ಇದ್ದಾಗ ತಂಬಾಕು ಬಿಡ್ತೀನಂತ ಅಕಿ ಮುಂದ ದೇವರ ಮ್ಯಾಲ ಕೈ ಇಟ್ಟು ಹೇಳಿದ್ದ. ಬೀಡಿಗೆ ಅಕಿ ಏನೂ ಅಂತಿದ್ದಿಲ್ಲ, ತಂಬಾಕಿಗೆ ಮಾತ್ರ ಆಗ್ತಿದ್ದಿಲ್ಲ. ಅದಕಽ ಅಲ್ಲಿ ಮುಚ್ಚಿಡ್ತಿದ್ದ, ಕರೆಂಟಿನ ಡಬ್ಬಿಗೆ ಅಕಿ ಕೈ ಹಚ್ಚಂಗಿಲ್ಲ ಅಂತ. ಅದು ನಮಗೆಲ್ಲಾ ಗೊತ್ತಿತ್ತು, ಅಕಿಗೂ ಗೊತ್ತಿತ್ತು. ಅವ್ವ ಹೋಗಿ ಈಗ ಮೂರು ವರ್ಷ ಆತು. ಚೀಲ ಹೊಸಾದು, ಎಲಿ ಇನ್ನೂ ಹಸಿ.

ಅಪ್ಪ ಬದುವಿನ ಮ್ಯಾಲ ಕುಂತಿದ್ದ. ಈಗ ಯಾರಿಗಿ ಮುಚ್ಚಿಡ್ತೀಯಪಾ ಅಂತ ಕೇಳಾಕ ಬಾಯಿ ತೆರದಿದ್ದೆ. ಸಿನಿಮಾದಾಗ ಆ ನಾಕು ಮಂದಿ ಕೈಸನ್ನಿ ಮಾಡ್ಕೋತ ಒದ್ದಾಡಿದ್ದು ನೆನಪಾತು.

ಫ್ಯೂಸ್ ಹಾಕಿದೆ. ಚೀಲ ಎಲ್ಲಿತ್ತೋ ಅಲ್ಲೇ ಇಟ್ಟು ಡಬ್ಬಿ ಮುಚ್ಚಿದೆ. ‘ಆತೇನೋ?’ ಅಂತ ಒದರಿದ. ಆತಪಾ, ಫ್ಯೂಸ್ ಹೋಗಿತ್ತು ಅಂದೆ.